ಮಂಗನ ಎಲುಬು, ನಮ್ಮ ಎಲುಬು: ಹೋಲಿಕೆ ಕಾಲಿನಿಂದ ಶುರುವಾಗಲಿ

ತೋಟಕ್ಕೆ ಮಂಗ ಬಂದರೆ ಓಡಿಸುವ ಮೊದಲು ಎರಡು ನಿಮಿಷ ಸುಮ್ನೆ ನಿಂತು ನೋಡಿ. ಬೊಂಡ ಹೇಗೂ ಹೋಯಿತು, ಪಾಠವಾದರೂ ಸಿಗಲಿ. ಕಂಪೌಂಡಿನ ಮೇಲೆ ನಡೆಯುವಾಗ ಅದು ಮುಂಗಾಲನ್ನೂ ನೆಲಕ್ಕೆ ಊರುತ್ತದೆ. ಬೆನ್ನು ಅಡ್ಡಕ್ಕಿರುತ್ತದೆ. ಎದೆ ಎರಡೂ ಬದಿಯಿಂದ ಒತ್ತಿದ ಹಾಗೆ ಕಿರಿದು. ಕೂತರೆ ಹಿಂಭಾಗದ ದಪ್ಪ ಚರ್ಮದ ಮೇಲೆ ಕೂರುತ್ತದೆ. ಆ ಚರ್ಮದ ಅಡಿಯಲ್ಲಿ ಸೊಂಟದ ಎಲುಬಿನ ತುದಿ ಅಗಲವಾಗಿ ಚಪ್ಪಟೆಯಾಗಿದೆ. ಒಂದು ಎಲುಬನ್ನೂ ಮುಟ್ಟದೆ ಇಷ್ಟು ಗೊತ್ತಾಯಿತು, ಅಲ್ವಾ?

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕನ್ನಡ ಶಾಲೆಗಳಲ್ಲಿ ಮನುಷ್ಯನ ಅಸ್ಥಿಪಂಜರದ ಮಾದರಿ ಇದ್ದರೂ ಅದರ ಪಕ್ಕದಲ್ಲಿ ಇಡಲು ಚಿಂಪಾಂಜಿಯ ಮಾದರಿ ಇರುವುದಿಲ್ಲ. ಪುಸ್ತಕದ ಚಿತ್ರ ಬೆರಳಿನಷ್ಟು ಚಿಕ್ಕದು. ಹಾಗಾಗಿ ಹೆಚ್ಚಿನ ಕೆಲಸವನ್ನು ನಮ್ಮದೇ ಮೈ, ಒಂದು ಟೈಲರ್ ಟೇಪು, ಕನ್ನಡಿ, ಮೊಬೈಲ್ ಟಾರ್ಚು ಇಟ್ಟುಕೊಂಡು ಮಾಡೋಣ. ವಾನರಗಳ ಎಲುಬು ನೋಡಲು ಅಂತರ್ಜಾಲದಲ್ಲಿ ಎರಡು ಒಳ್ಳೆಯ ಜಾಗಗಳಿವೆ: ಟೆಕ್ಸಾಸ್ ವಿಶ್ವವಿದ್ಯಾಲಯದ ಇ-ಸ್ಕೆಲಿಟನ್ಸ್ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮಾನವ ಮೂಲದ ವಿಭಾಗ. ಎರಡನೆಯದರಲ್ಲಿ ತಲೆಬುರುಡೆಗಳನ್ನು ಬೆರಳಲ್ಲೇ ತಿರುಗಿಸಿ ಎಲ್ಲ ಬದಿಯಿಂದ ನೋಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಸತ್ತ ಮಂಗ ಕಂಡರೆ ಎಲುಬು ಸಿಕ್ಕೀತು ಎಂದು ಹತ್ತಿರ ಹೋಗಬೇಡಿ. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು. ಅದು ಹರಡುವುದು ಉಣ್ಣಿಗಳಿಂದ, ಸತ್ತ ಮಂಗನ ಸುತ್ತ ಅಂಥ ಉಣ್ಣಿ ಇರಬಹುದು. ದೂರದಿಂದಲೇ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡುಪ್ರಾಣಿಗಳ ಎಲುಬು ಸಂಗ್ರಹಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಕರಾರೂ ಬರುತ್ತದೆ.

ಯಾರನ್ನು ಯಾರ ಜೊತೆ ಹೋಲಿಸುತ್ತೇವೆ

ನಮ್ಮ ಕಡೆ ಕಾಣುವುದು ತಲೆಯ ಮೇಲೆ ಟೊಪ್ಪಿಯಂತೆ ಕೂದಲಿರುವ ಮಂಗ ಮತ್ತು ಕಪ್ಪು ಮೋರೆಯ ಮುಜು. ಎರಡಕ್ಕೂ ಬಾಲವಿದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಇವಕ್ಕೆ ಬಾಲವಿಲ್ಲ. ಇವುಗಳನ್ನು ಇಲ್ಲಿ ವಾನರ ಎಂದು ಕರೆಯುತ್ತೇನೆ. ಭಾರತದ ಕಾಡಿನಲ್ಲಿರುವ ವಾನರ ಗಿಬ್ಬನ್ ಮಾತ್ರ, ಅದೂ ಈಶಾನ್ಯ ರಾಜ್ಯಗಳಲ್ಲಿ.

'ಮಂಗನಿಂದ ಮಾನವ' ಎಂಬ ಮಾತನ್ನು ಇಲ್ಲೇ ಬದಿಗಿಡಿ. ತೋಟಕ್ಕೆ ಬರುವ ಮಂಗ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಬಾಲವಿರುವ ಮಂಗಗಳ ದಾರಿ ನಮ್ಮ ದಾರಿಯಿಂದ ಬೇರೆಯಾಗಿ ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷವಾಯಿತು. ಚಿಂಪಾಂಜಿಯ ದಾರಿ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ. ಹಾಗಾಗಿ ಹೋಲಿಕೆಗೆ ಚಿಂಪಾಂಜಿಯೇ ಮುಖ್ಯ. ಮಂಗ ಜೊತೆಗಿರಲಿ, ಅದನ್ನು ಕಣ್ಣಾರೆ ನೋಡಬಹುದಲ್ಲ.

ಒಂದನೇ ಹಂತ: ಪಾದ, ಮಂಡಿ, ಸೊಂಟ

ಎಲ್ಲರೂ ತಲೆಬುರುಡೆಯಿಂದ ಶುರು ಮಾಡುತ್ತಾರೆ. ನೀವು ಕಾಲಿನಿಂದ ಶುರು ಮಾಡಿ. ಕಾರಣ ಮುಂದೆ ಲೂಸಿ ಎಂಬ ಪಳೆಯುಳಿಕೆಯ ವಿಷಯ ಬಂದಾಗ ತಿಳಿಯುತ್ತದೆ.

ಅಂಗಾಲು ಒದ್ದೆ ಮಾಡಿ ಸಿಮೆಂಟು ನೆಲದ ಮೇಲೆ ಒಂದು ಹೆಜ್ಜೆ ಇಡಿ. ಹಿಮ್ಮಡಿಯ ಗುರುತು, ಹೊರಬದಿಯ ಒಂದು ಪಟ್ಟಿ, ಮುಂದಿನ ಅಗಲ ಭಾಗ, ಐದು ಬೆರಳು ಕಾಣುತ್ತವೆ. ಒಳಬದಿ ಖಾಲಿ. ಅಲ್ಲಿ ಎಲುಬುಗಳು ಕಮಾನಿನಂತೆ ನಿಂತಿವೆ. ಹೆಜ್ಜೆ ಊರುವಾಗ ಕಮಾನು ಸ್ವಲ್ಪ ತಗ್ಗುತ್ತದೆ, ಎತ್ತುವಾಗ ಮುಂದಕ್ಕೆ ತಳ್ಳುತ್ತದೆ. ಕೆಲವರ ಗುರುತು ಪೂರ್ತಿ ಮೂಡುತ್ತದೆ, ಅದು ಚಪ್ಪಟೆ ಪಾದ. ಚಿಕ್ಕ ಮಕ್ಕಳದ್ದು ಹಾಗೆಯೇ ಇರುತ್ತದೆ, ಗಾಬರಿ ಬೇಡ. ಈಗ ಹೆಬ್ಬೆರಳು ನೋಡಿ. ಉಳಿದ ನಾಲ್ಕರ ಜೊತೆ ಒಂದೇ ಸಾಲಿನಲ್ಲಿದೆ. ಚಿಂಪಾಂಜಿಯ ಪಾದದ ಚಿತ್ರ ಪಕ್ಕದಲ್ಲಿಡಿ. ಅದರ ಹೆಬ್ಬೆರಳು ಕೈಯ ಹೆಬ್ಬೆರಳಿನಂತೆ ಬದಿಗೆ ಚಾಚಿದೆ, ಕೊಂಬೆ ಹಿಡಿಯಲು. ಕಾಲಲ್ಲಿ ಪೆನ್ನು ಹಿಡಿದು ಬರೆಯಲು ಪ್ರಯತ್ನಿಸಿದರೆ ನಾವು ಏನು ಕಳಕೊಂಡಿದ್ದೇವೆ ಎಂದು ತಕ್ಷಣ ಗೊತ್ತಾಗುತ್ತದೆ.

ಮಂಡಿಗೆ ಬನ್ನಿ. ಎರಡೂ ಪಾದ ಜೋಡಿಸಿ ನಿಂತು ಕನ್ನಡಿ ನೋಡಿ. ಸೊಂಟದ ಹತ್ತಿರ ತೊಡೆಯ ಎಲುಬುಗಳ ನಡುವೆ ಅಂತರ ಜಾಸ್ತಿ, ಮಂಡಿಯ ಹತ್ತಿರ ಎರಡೂ ಕೂಡುತ್ತವೆ. ಅಂದರೆ ತೊಡೆಯೆಲುಬು ಒಳಕ್ಕೆ ಓರೆಯಾಗಿ ಇಳಿಯುತ್ತದೆ. ಇದರಿಂದ ಒಂದು ಕಾಲು ಎತ್ತಿದಾಗಲೂ ಮೈಭಾರ ಇನ್ನೊಂದು ಪಾದದ ಮೇಲೆಯೇ ಬೀಳುತ್ತದೆ, ನಾವು ಓಲಾಡುವುದಿಲ್ಲ. ಚಿಂಪಾಂಜಿಯ ತೊಡೆಯೆಲುಬು ಹೆಚ್ಚುಕಡಿಮೆ ನೇರ. ಅದು ಎರಡು ಕಾಲಲ್ಲಿ ನಡೆಯುವ ವಿಡಿಯೋ ಇದ್ದರೆ ನೋಡಿ, ಪ್ರತಿ ಹೆಜ್ಜೆಗೂ ಮೈ ಆಚೀಚೆ ವಾಲುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಬೇರೆ: ಈ ಓರೆ ನಮಗೆ ಹುಟ್ಟುವಾಗ ಇರುವುದಿಲ್ಲ. ಮಗು ನಿಲ್ಲಲು, ನಡೆಯಲು ಕಲಿತ ಮೇಲೆ ಎಲುಬು ಬೆಳೆಯುತ್ತಾ ಆ ಕೋನ ಬರುತ್ತದೆ. ಹಾಗಾಗಿ ಓರೆಯಾದ ತೊಡೆಯೆಲುಬು ಎಲ್ಲಾದರೂ ಸಿಕ್ಕಿದರೆ, ಅದರ ಒಡೆಯ ಬದುಕಿದ್ದಾಗ ನಿಜವಾಗಿ ಎರಡು ಕಾಲಲ್ಲಿ ನಡೆದಿದ್ದಾನೆ ಎಂದು ಧೈರ್ಯವಾಗಿ ಹೇಳಬಹುದು.

ಸೊಂಟದ ಎಲುಬು ಚಿತ್ರದಲ್ಲೇ ನೋಡಬೇಕು. ಮನುಷ್ಯನದ್ದು ಗಿಡ್ಡ, ಅಗಲ, ಬದಿಗೆ ಬಾಗಿದ್ದು. ಒಳಗಿನ ಅಂಗಗಳನ್ನು ಕೆಳಗಿನಿಂದ ಹೊತ್ತುಕೊಳ್ಳುತ್ತದೆ. ಚಿಂಪಾಂಜಿಯದ್ದು ಉದ್ದ, ಕಿರಿದು, ಬೆನ್ನಿಗೆ ಅಂಟಿದ ಹಲಗೆಯ ಹಾಗೆ. ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತೇವಲ್ಲ, ಆಗ ಬೆರಳಿಗೆ ಸಿಗುವ ಅಂಚು ಅದರ ಮೇಲ್ತುದಿ. ಅಲ್ಲೇ ಹಿಂದೆ, ಬೆನ್ನಿನ ಕೆಳತುದಿಯಲ್ಲಿ ಬೆರಳಿಟ್ಟರೆ ಬಾಲದ ಎಲುಬಿನ ಉಳಿಕೆ ಸಿಗುತ್ತದೆ. ಮೂರರಿಂದ ಐದು ಚಿಕ್ಕ ಮಣಿಗಳು, ಒಂದಕ್ಕೊಂದು ಅಂಟಿಕೊಂಡಂಥವು. ಇನ್ನು ಬೆನ್ನೆಲುಬನ್ನು ಬದಿಯಿಂದ ನೋಡಿದರೆ ನಮ್ಮದು ಕುತ್ತಿಗೆಯಲ್ಲಿ ಮತ್ತು ಸೊಂಟದ ಮೇಲೆ ಒಳಕ್ಕೆ ಬಾಗಿದೆ. ಗೋಡೆಗೆ ಒರಗಿ ನಿಂತು ಸೊಂಟದ ಹಿಂದೆ ಅಂಗೈ ತೂರಿಸಿ ನೋಡಿ, ಜಾಗ ಇರುತ್ತದೆ. ವಾನರಗಳಿಗೆ ಆ ಸೊಂಟದ ಬಾಗು ಇಲ್ಲ.

ಎರಡನೇ ಹಂತ: ಟೇಪು ಹಿಡಿದು ಕೈಕಾಲು ಅಳೆಯುವುದು

ನಾಲ್ಕು ಅಳತೆ ಬೇಕು. ಭುಜದ ತುದಿಯಿಂದ ಮೊಣಕೈವರೆಗೆ. ಮೊಣಕೈಯಿಂದ ಮಣಿಕಟ್ಟಿನವರೆಗೆ. ಸೊಂಟದ ಬದಿಯಲ್ಲಿ ಕೈಗೆ ಸಿಗುವ ಎಲುಬಿನ ಗಂಟಿನಿಂದ ಮಂಡಿಯ ಸಂದಿನವರೆಗೆ. ಅಲ್ಲಿಂದ ಕಾಲಿನ ಹರಡಿನ ಗಂಟಿನವರೆಗೆ. ಮೊದಲ ಎರಡನ್ನು ಕೂಡಿಸಿ, ಅದನ್ನು ಕೊನೆಯ ಎರಡರ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ ತೋಳು 30 ಸೆಂ.ಮೀ., ಮುಂಗೈ 24, ತೊಡೆ 42, ಮೊಣಕಾಲು 36 ಎಂದಿಟ್ಟುಕೊಳ್ಳಿ. 54ನ್ನು 78ರಿಂದ ಭಾಗಿಸಿದರೆ ಸುಮಾರು 69 ಬರುತ್ತದೆ.

ದೊಡ್ಡವರಲ್ಲಿ ಈ ಲೆಕ್ಕ 70ರ ಆಸುಪಾಸು ನಿಲ್ಲುತ್ತದೆ. ಚಿಂಪಾಂಜಿಗೆ 106ರ ಆಸುಪಾಸು, ಗೊರಿಲ್ಲಾಕ್ಕೆ 115ಕ್ಕೂ ಮೇಲೆ, ಒರಾಂಗುಟಾನ್‌ಗೆ 140ರ ಹತ್ತಿರ. 100 ದಾಟಿದರೆ ಕೈ ಕಾಲಿಗಿಂತ ಉದ್ದ, ನೇತಾಡುವ ಪ್ರಾಣಿ. ನಮ್ಮ ಮಂಗ 100ಕ್ಕಿಂತ ಸ್ವಲ್ಪ ಕೆಳಗೆ, ಕೈಕಾಲು ಹೆಚ್ಚುಕಡಿಮೆ ಸಮ. ಚರ್ಮದ ಮೇಲೆ ಅಳೆಯುವುದರಿಂದ ನಾಲ್ಕೈದು ಅಂಕ ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ಕೂಸು ಇದ್ದರೆ ಅದನ್ನೂ ಅಳೆಯಿರಿ. ಕೂಸಿನ ಕಾಲು ಗಿಡ್ಡ, ಸಂಖ್ಯೆ ಮೇಲಕ್ಕೆ ಹೋಗುತ್ತದೆ.

ಇನ್ನು ಭುಜ. ಮಾವಿನ ಕೊಂಬೆಗೆ ಜೋತುಬಿದ್ದು ನೋಡಿ. ಕೈ ತಲೆಯ ಮೇಲೆ ಪೂರ್ತಿ ಎದ್ದು ಸುತ್ತಲೂ ತಿರುಗುತ್ತದೆ, ಏಕೆಂದರೆ ನಮ್ಮ ಹೆಗಲ ಹಲಗೆ ಬೆನ್ನ ಮೇಲಿದೆ, ಎದೆ ಅಗಲ. ವಾನರಗಳಿಗೂ ಹೀಗೆಯೇ. ಮಂಗನ ಹೆಗಲ ಹಲಗೆ ಎದೆಯ ಬದಿಯಲ್ಲಿದೆ, ನಾಯಿಗೆ ಇರುವಂತೆ. ಅಂದರೆ ಸೊಂಟದಿಂದ ಮೇಲೆ ನಾವು ವಾನರಗಳ ಕಡೆಯವರೇ. ಸೊಂಟದಿಂದ ಕೆಳಗೆ ನಮ್ಮ ದಾರಿ ಬೇರೆ. ಕೈಯಲ್ಲಿ ಮಾತ್ರ ಒಂದು ವ್ಯತ್ಯಾಸ: ನಮ್ಮ ಹೆಬ್ಬೆರಳು ಉದ್ದ, ತುದಿ ಉಳಿದ ಬೆರಳಿನ ತುದಿಗೆ ಸರಿಯಾಗಿ ತಾಗುತ್ತದೆ. ಚಿಂಪಾಂಜಿಯ ಹೆಬ್ಬೆರಳು ಗಿಡ್ಡ, ಉಳಿದವು ಉದ್ದ ಮತ್ತು ಬಾಗಿದವು.

ಮೂರನೇ ಹಂತ: ತಲೆಬುರುಡೆ ಮತ್ತು ಹಲ್ಲು

ತಲೆಬುರುಡೆಯ ಚಿತ್ರ ತಿರುಗಿಸಿ ತಳ ನೋಡಿ. ಬೆನ್ನುಹುರಿ ಒಳಗೆ ಹೋಗುವ ದೊಡ್ಡ ತೂತು ಅಲ್ಲಿದೆ. ಮನುಷ್ಯನಲ್ಲಿ ಅದು ಹೆಚ್ಚುಕಡಿಮೆ ನಡುವೆ, ಚಿಂಪಾಂಜಿಯಲ್ಲಿ ಹಿಂದಕ್ಕೆ. ನಮ್ಮ ತಲೆ ಬೆನ್ನೆಲುಬಿನ ಮೇಲೆ ಕೂತಿದೆ, ಅದರದ್ದು ಬೆನ್ನೆಲುಬಿನ ಮುಂದೆ ಚಾಚಿದೆ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ಸುಣ್ಣಕಲ್ಲಿನ ಗಣಿಯಿಂದ ಒಂದು ಮಗುವಿನ ತಲೆಬುರುಡೆ ಬಂತು. ಅಂಗರಚನಾ ವಿಜ್ಞಾನಿ ರೇಮಂಡ್ ಡಾರ್ಟ್ ಈ ತೂತಿನ ಜಾಗ ನೋಡಿಯೇ ಇದು ನೆಟ್ಟಗೆ ನಡೆಯುತ್ತಿದ್ದ ಜೀವಿ ಎಂದರು. ತುಂಬಾ ಜನ ಆಗ ಒಪ್ಪಲಿಲ್ಲ.

ಮಿದುಳಿನ ಜಾಗ ಮನುಷ್ಯನಲ್ಲಿ ಸುಮಾರು 1,350 ಘನ ಸೆಂ.ಮೀ., ಚಿಂಪಾಂಜಿಯಲ್ಲಿ ಸುಮಾರು 400. ಚಿಂಪಾಂಜಿಯ ಹುಬ್ಬಿನ ಮೇಲಿನ ದಿಣ್ಣೆ, ಮುಂದೆ ಚಾಚಿದ ಮೂತಿ, ಗಲ್ಲದ ತುದಿ ಇಲ್ಲದಿರುವುದು, ಇವೆಲ್ಲ ನೋಡಿದ ಕೂಡಲೇ ಕಾಣುತ್ತವೆ, ಉದ್ದ ಹೇಳುವುದಿಲ್ಲ.

ಹಲ್ಲಿನ ಮುಂದೆ ಸ್ವಲ್ಪ ಹೊತ್ತು ಕೂರಿ. ಟಾರ್ಚು, ಕನ್ನಡಿ ಹಿಡಿದು ಎಣಿಸಿ. ದೊಡ್ಡವರಿಗೆ 32. ಚಿಂಪಾಂಜಿಗೂ 32, ತೋಟದ ಮಂಗನಿಗೂ 32, ಅದೇ ಲೆಕ್ಕದಲ್ಲಿ: ಬಾಯಿಯ ಕಾಲುಭಾಗಕ್ಕೆ ಬಾಚಿಹಲ್ಲು ಎರಡು, ಕೋರೆಹಲ್ಲು ಒಂದು, ಮುಂದವಡೆ ಎರಡು, ದವಡೆಹಲ್ಲು ಮೂರು. ಇನ್ನು ಕೆಳದವಡೆಯ ಮೊದಲ ದೊಡ್ಡ ದವಡೆಹಲ್ಲು ನೋಡಿ. ಮೇಲ್ಮೈಯಲ್ಲಿ ಸಾಮಾನ್ಯವಾಗಿ ಐದು ಗುಬುಟು, ನಡುವೆ ಇಂಗ್ಲಿಷಿನ ವೈ ಅಕ್ಷರದಂತೆ ಗೆರೆ. ವಾನರಗಳಿಗೂ ಇದೇ ನಮೂನೆ. ಮಂಗನ ಹಲ್ಲಿನಲ್ಲಿ ಗುಬುಟುಗಳು ಜೋಡಿಯಾಗಿ ಸೇರಿ ಎರಡು ಅಡ್ಡ ದಿಣ್ಣೆಗಳಾಗಿವೆ, ಎಲೆ ಕತ್ತರಿಸಿ ಅರೆಯಲು ಅನುಕೂಲ. ಗಂಡು ಮಂಗ ಆಕಳಿಸಿದಾಗ ಕೋರೆಹಲ್ಲು ನೋಡಿ, ನಮ್ಮದು ಅದರ ಮುಂದೆ ಏನೂ ಅಲ್ಲ. ಇನ್ನೊಂದು ಗುರುತು: ವಾನರಗಳ ಹಲ್ಲಿನ ಸಾಲು ಎರಡು ಬದಿಯಲ್ಲಿ ಸಮಾನಾಂತರವಾಗಿ ಹೋಗುತ್ತದೆ, ನಮ್ಮದು ಹಿಂದೆ ಹೋದಂತೆ ಅಗಲವಾಗುತ್ತದೆ. ಈ ಗುರುತು ನೆನಪಿರಲಿ, ಇದನ್ನೇ ನಂಬಿ ದೊಡ್ಡವರೂ ಎಡವಿದ್ದಾರೆ.

ನಾಲ್ಕನೇ ಹಂತ: ಎಲುಬು ಕಲ್ಲಾಗುವುದು ಹೇಗೆ, ನಮ್ಮಲ್ಲಿ ಯಾಕೆ ಆಗುವುದಿಲ್ಲ

ಗುಡ್ಡೆಯಲ್ಲಿ ಒಂದು ದನ ಸತ್ತಿತು ಎಂದುಕೊಳ್ಳಿ. ನರಿ, ನಾಯಿ ಎಳೆಯುತ್ತವೆ. ಬಿಸಿಲಿಗೆ ಎಲುಬು ಸೀಳುತ್ತದೆ. ನಾಲ್ಕು ಮಳೆಗಾಲ ಕಳೆದರೆ ಗುರುತೇ ಇಲ್ಲ. ಪಳೆಯುಳಿಕೆಯಾಗಲು ಮೊದಲು ಬೇಕಾದದ್ದು ಬೇಗ ಮುಚ್ಚಿಹೋಗುವುದು: ಹೊಳೆಯ ಕೆಸರು, ಕೆರೆಯ ತಳದ ಹೂಳು, ಜ್ವಾಲಾಮುಖಿಯ ಬೂದಿ, ಗುಹೆಯ ಮಣ್ಣು. ಗಾಳಿ ತಾಗದಿದ್ದರೆ ಕೊಳೆಯುವುದು ನಿಧಾನವಾಗುತ್ತದೆ. ಆಮೇಲೆ ಮಣ್ಣಿನೊಳಗಿನ ನೀರು ತಾನು ಕರಗಿಸಿ ತಂದ ಸುಣ್ಣ, ಸಿಲಿಕಾದಂಥ ಖನಿಜಗಳನ್ನು ಎಲುಬಿನ ಸಣ್ಣ ಸಣ್ಣ ತೂತುಗಳಲ್ಲಿ ಬಿಡುತ್ತಾ ಹೋಗುತ್ತದೆ. ಮೇಲಿನ ಪದರಗಳ ಭಾರಕ್ಕೆ ಕೆಸರು ಕಲ್ಲಾಗುತ್ತದೆ. ಕೊನೆಗೆ ನೆಲ ಎದ್ದು, ಮಳೆಗಾಳಿಗೆ ಸವೆದು, ಆ ಪದರ ಹೊರಗೆ ಕಾಣಬೇಕು. ಕಂಡ ಹೊತ್ತಿಗೆ ಗೊತ್ತಿರುವವರು ಅಲ್ಲಿ ನಡೆದುಹೋಗಬೇಕು.

ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಇದಕ್ಕೆ ಪೂರ್ತಿ ವಿರುದ್ಧ. ಅದು ಹೂಳು ಕೂತು ಆದದ್ದಲ್ಲ, ಇದ್ದ ಬಂಡೆಯೇ ಮಳೆಗೆ ಕೊಳೆತು ಆದದ್ದು. ಮೇಲಾಗಿ ಮಣ್ಣು ಹುಳಿ. ಕೃಷಿಭವನದಿಂದ ಬಂದ ಮಣ್ಣು ಪರೀಕ್ಷೆಯ ಚೀಟಿ ಮನೆಯಲ್ಲಿದ್ದರೆ ತೆಗೆದು ನೋಡಿ, ಪಿ.ಎಚ್. 7ಕ್ಕಿಂತ ಎಷ್ಟು ಕೆಳಗಿದೆ ಎಂದು. ತೋಟಕ್ಕೆ ಸುಣ್ಣ ಹಾಕಿ ಎನ್ನುವುದು ಅದಕ್ಕೇ. ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆ ಆ ಹುಳಿಯನ್ನು ಎಲುಬಿನ ಮೂಲಕ ಹಾಯಿಸುತ್ತದೆ, ಎಲುಬಿನ ಸುಣ್ಣ ಕರಗಿಹೋಗುತ್ತದೆ. ಉತ್ತರ ಕೇರಳದಲ್ಲಿ ಮುರಕಲ್ಲು ಕೊರೆದು ಮಾಡಿದ ಬೃಹತ್ ಶಿಲಾ ಸಂಸ್ಕೃತಿಯ ಗುಹೆ ಸಮಾಧಿಗಳಿವೆ. ಅವುಗಳಲ್ಲಿ ಮಡಕೆ ಸಿಗುತ್ತದೆ, ಕಬ್ಬಿಣ ಸಿಗುತ್ತದೆ, ಎಲುಬು ಸಿಗುವುದು ಅಪರೂಪ. ಸಮಾಧಿಯಲ್ಲೇ ಈ ಗತಿ.

ಸುಣ್ಣಕಲ್ಲು ಇರುವ ಕಡೆ ಕಥೆ ಬೇರೆ. ಕರ್ನೂಲು ಸೀಮೆಯ ಬೇತಂಚೆರ್ಲ ಬಳಿಯ ಬಿಲ್ಲ ಸರ್ಗಂ ಗುಹೆಗಳಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಅಗೆಸಿದಾಗ ಹಳೆಯ ಕಾಲದ ಪ್ರಾಣಿಗಳ ಎಲುಬು ರಾಶಿರಾಶಿ ಬಂತು. ಕೇರಳದಲ್ಲೇ ನೋಡಬೇಕಾದರೆ ಕೊಲ್ಲಂ ಬಳಿಯ ಪಡಪ್ಪಕ್ಕರದ ಸುಣ್ಣಕಲ್ಲಿನಲ್ಲಿ ಹಳೆಯ ಸಮುದ್ರದ ಚಿಪ್ಪುಗಳಿವೆ.

ಇದನ್ನು ಕಣ್ಣಾರೆ ನೋಡಲು ಮೂರು ಪ್ರಯೋಗ ಮಾಡಬಹುದು.

ಹುಳಿಯದ್ದು ಸುಲಭ. ಬೇಯಿಸಿದ ಕೋಳಿಕಾಲಿನ ಎಲುಬು ಚೆನ್ನಾಗಿ ತೊಳೆದು ಗಾಜಿನ ಬಾಟ್ಲಿಗೆ ಹಾಕಿ, ಮುಳುಗುವಷ್ಟು ವಿನೆಗರ್ ಹೊಯ್ಯಿರಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಬರುತ್ತದೆ. ಪಕ್ಕದ ಲೋಟದಲ್ಲಿ ಒಂದು ಮರುವಾಯಿ ಚಿಪ್ಪು ಹಾಕಿ ಅದಕ್ಕೂ ವಿನೆಗರ್ ಹೊಯ್ದರೆ ಕೂಡಲೇ ಗುಳ್ಳೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಚಿಪ್ಪಿನ ಹೊಳಪು ಹೋಗಿ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಎಲುಬಿನ ವಿನೆಗರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಒಂದು ವಾರದೊಳಗೆ ಎಲುಬು ರಬ್ಬರಿನಂತೆ ಬಾಗುತ್ತದೆ. ಖನಿಜ ಹೋಗಿ ನಾರು ಉಳಿದಿದೆ. ನಮ್ಮ ಮಣ್ಣಿನಲ್ಲಿ ಆ ನಾರನ್ನೂ ಸೂಕ್ಷ್ಮಜೀವಿಗಳು ಬಿಡುವುದಿಲ್ಲ.

ಕಲ್ಲಾಗುವುದನ್ನು ತೋರಿಸಲು ಒಣಗಿದ ಹೀರೆಕಾಯಿಯ ನಾರು ಚೆನ್ನ. ಬಿಸಿ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವವರೆಗೆ ಉಪ್ಪು ಹಾಕಿ. ನಾರಿನ ಒಂದು ತುಂಡು ಅದ್ದಿ, ಬಿಸಿಲಿಗೆ ಒಣಗಿಸಿ, ಮತ್ತೆ ಅದ್ದಿ. ನಾಲ್ಕೈದು ಸುತ್ತಾದ ಮೇಲೆ ನಾರು ಗಟ್ಟಿಯಾಗಿ ತೂಕ ಬರುತ್ತದೆ, ಒಳಗಿನ ತೂತುಗಳಲ್ಲಿ ಉಪ್ಪಿನ ಹರಳು ಕಾಣುತ್ತದೆ. ಆಕಾರ ನಾರಿನದ್ದೇ. ಜಡಿಮಳೆಯ ಆಟಿ ತಿಂಗಳಲ್ಲಿ ಇದಕ್ಕೆ ಕೈ ಹಾಕಬೇಡಿ, ಉಪ್ಪು ನೀರಾಗಿ ಇಳಿಯುತ್ತದೆ.

ಮೂರನೆಯದು ಅಚ್ಚು. ಗೆರಟೆಯೊಳಗೆ ಜೇಡಿಮಣ್ಣು ತುಂಬಿ ಸಮ ಮಾಡಿ. ಚಿಪ್ಪಿಗೆ ತೆಂಗಿನೆಣ್ಣೆ ಸವರಿ ಒತ್ತಿ, ಮೆಲ್ಲ ಎತ್ತಿ. ಒಂದು ಪಾಲು ನೀರಿಗೆ ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸಿ ಕಲಸಿ, ಬೇಗ ಹೊಯ್ಯಿರಿ. ಗಂಟೆಯ ಮೇಲೆ ಬಿಡಿಸಿ. ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮಕ್ಕಳು ಕೈಬೆರಳು ಅದ್ದಿ ಅಚ್ಚು ತೆಗೆಯಲು ಹೋದರೆ ಸುಟ್ಟೀತು. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬೇಡಿ, ಪೈಪು ಕಟ್ಟುತ್ತದೆ. ಹೆಜ್ಜೆಯ ಗುರುತು ಉಳಿಯುವುದು ಹೀಗೆಯೇ. ಟಾಂಜಾನಿಯದ ಲೈಟೋಲಿಯಲ್ಲಿ ಮಳೆಗೆ ನೆಂದ ಜ್ವಾಲಾಮುಖಿ ಬೂದಿಯ ಮೇಲೆ ಯಾರೋ ನಡೆದುಹೋದರು, ಬೂದಿ ಗಟ್ಟಿಯಾಯಿತು, ಅದರ ಮೇಲೆ ಇನ್ನಷ್ಟು ಬೂದಿ ಬಿತ್ತು. 1978ರಲ್ಲಿ ಮೇರಿ ಲೀಕಿಯವರ ತಂಡ ಅದನ್ನು ಬಿಡಿಸಿತು. ಸುಮಾರು 36 ಲಕ್ಷ ವರ್ಷ ಹಳೆಯ ಹೆಜ್ಜೆ, ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಇದೆ. ನೀವು ಸಿಮೆಂಟು ನೆಲದ ಮೇಲೆ ಇಟ್ಟ ಒದ್ದೆ ಹೆಜ್ಜೆಯ ಫೋಟೋ ಅದರ ಚಿತ್ರದ ಪಕ್ಕದಲ್ಲಿಟ್ಟು ನೋಡಿ.

ಐದನೇ ಹಂತ: ತುಂಡು ನೋಡಿ ಹೇಳುವ ಆಟ

ಇಡೀ ಅಸ್ಥಿಪಂಜರ ಯಾರಿಗೂ ಸುಲಭದಲ್ಲಿ ಸಿಗುವುದಿಲ್ಲ. ಡೊನಾಲ್ಡ್ ಜೊಹಾನ್ಸನ್ 1974ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಕಂಡ ಲೂಸಿ ಸುಮಾರು 32 ಲಕ್ಷ ವರ್ಷ ಹಳೆಯದು. ಅದರಲ್ಲಿ ಸಿಕ್ಕಿದ್ದು ಸುಮಾರು 40 ಶೇಕಡಾ, ಅಷ್ಟಕ್ಕೇ ಜಗತ್ತು ಕುಣಿಯಿತು. ಸೊಂಟ ಅಗಲ, ತೊಡೆಯೆಲುಬು ಓರೆ, ಅಂದರೆ ನಡೆಯುತ್ತಿದ್ದಳು. ಎತ್ತರ ಮೂರೂವರೆ ಅಡಿ. ತಲೆಬುರುಡೆಯ ತುಂಡುಗಳ ಪ್ರಕಾರ ಮಿದುಳು ಮಾತ್ರ ಚಿಂಪಾಂಜಿಯಷ್ಟೇ. ಕಾಲಿನಿಂದ ಶುರು ಮಾಡಿ ಎಂದದ್ದು ಇದಕ್ಕೇ: ನಡಿಗೆ ಮೊದಲು ಬಂತು, ದೊಡ್ಡ ತಲೆ ಎಷ್ಟೋ ಲಕ್ಷ ವರ್ಷ ಆಮೇಲೆ.

ತೊಂದರೆ ಏನೆಂದರೆ, ಜಾಸ್ತಿ ಉಳಿಯುವುದು ಹಲ್ಲು ಮತ್ತು ದವಡೆ. ಹಲ್ಲಿನ ಹೊರಪದರ ಮೈಯಲ್ಲೇ ಗಟ್ಟಿಯಾದ ವಸ್ತು. ಸೊಂಟ, ಪಾದದ ಎಲುಬುಗಳನ್ನು ಪ್ರಾಣಿಗಳು ಅಗಿದು ಮುಗಿಸುತ್ತವೆ. ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ಎಡ್ವರ್ಡ್ ಲೂಯಿಸ್‌ಗೆ ಸಿಕ್ಕಿದ ದವಡೆಯ ತುಂಡಿಗೆ ರಾಮಾಪಿಥೆಕಸ್ ಎಂದು ಹೆಸರಾಯಿತು. ತುಂಡಿನಿಂದ ಹಲ್ಲಿನ ಸಾಲು ಊಹಿಸಿ, ಹಿಂದೆ ಅಗಲವಾಗಿದೆ, ಇದು ಮನುಷ್ಯನ ಪೂರ್ವಜ ಎಂದರು. 1960ರ ದಶಕದಲ್ಲಿ ಪುಸ್ತಕಗಳಲ್ಲೆಲ್ಲ ಅದೇ. ಮುಂದೆ ಮುಖದ ಎಲುಬುಗಳೂ ಸಿಕ್ಕಿದಾಗ ಅದು ಶಿವಾಪಿಥೆಕಸ್ ಎಂಬ ಹಳೆಯ ವಾನರದ ಗುಂಪಿನದ್ದು, ಒರಾಂಗುಟಾನ್ ಕಡೆಯದ್ದು ಎಂದಾಯಿತು.

ಆಟ ಹೀಗೆ. ಒಂದು ದೊಡ್ಡ ಬಕೆಟ್ಟಿನಲ್ಲಿ ಹೊಳೆ ಮರಳು, ಅದರ ಮೇಲೆ ಒಲೆಯ ಬೂದಿ, ಮೇಲೆ ಕೆಂಪು ಮಣ್ಣು ಪದರ ಪದರವಾಗಿ ಹಾಕಿ. ಮನುಷ್ಯ, ಚಿಂಪಾಂಜಿ, ಮಂಗನ ಎಲುಬುಗಳ ಚಿತ್ರ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಕತ್ತರಿಸಿ, ಬೂದಿಯ ಮೇಲೆ ಕೆಲವು, ಕೆಳಗೆ ಕೆಲವು ಹೂತಿಡಿ. ಹಲ್ಲು, ದವಡೆ ಜಾಸ್ತಿ ಹಾಕಿ. ಸೊಂಟ ಒಂದೇ ಇರಲಿ. ಪಾದ ಬೇಡವೇ ಬೇಡ. ಮಕ್ಕಳು ಹಳೆ ಬ್ರಶ್ಶು, ಚಮಚದಲ್ಲಿ ಅಗೆಯಲಿ. ಯಾವ ಪದರದಲ್ಲಿ ಸಿಕ್ಕಿತು ಎಂದು ಬರೆದುಕೊಂಡೇ ಎತ್ತಬೇಕು. ಕಲ್ಲಾದ ಎಲುಬಿನ ವಯಸ್ಸನ್ನು ಸಾಮಾನ್ಯವಾಗಿ ಅದರ ಮೇಲೆ ಕೆಳಗೆ ಇರುವ ಬೂದಿಪದರದಿಂದಲೇ ಲೆಕ್ಕ ಹಾಕುವುದು. ಕಾರ್ಬನ್ ಪರೀಕ್ಷೆ 50,000 ವರ್ಷದಾಚೆಗೆ ಉಪಯೋಗಕ್ಕಿಲ್ಲ. ಒಬ್ಬೊಬ್ಬರಿಗೆ ಒಂದೇ ತುಂಡು ಕೊಟ್ಟು ಕೇಳಿ: ಇದು ನಡೆಯುವುದೋ, ಹತ್ತುವುದೋ? 'ಇಷ್ಟರಲ್ಲಿ ಹೇಳಲಾಗದು' ಎಂದವರಿಗೂ ಪೂರ್ತಿ ಅಂಕ ಕೊಡಿ. ನನ್ನ ಕೇಳಿದರೆ ದವಡೆ ಸಿಕ್ಕವರಿಗೆ ಅದೇ ಸರಿಯುತ್ತರ.

ಮಕ್ಕಳು ಮಾರನೇ ದಿನ ಮುರಕಲ್ಲಿನ ಕೋರೆಯಿಂದಲೋ ಸುರಂಗದ ಬಾಯಿಯಿಂದಲೋ ಉರುಟು ಕಲ್ಲು ಹೊತ್ತುಕೊಂಡು ಬರುವುದು ಖಂಡಿತ. ಅವುಗಳಲ್ಲಿ ಹೆಚ್ಚಿನವು ಕಬ್ಬಿಣದ ಗಂಟುಗಳು. ಸಮುದ್ರದ ಬದಿಯಲ್ಲಿ ಅಥವಾ ಹೊಳೆಯ ದಂಡೆ ಕುಸಿದಲ್ಲಿ ಹೂಳಿನ ಪದರದೊಳಗೆ ಮರದ ತುಂಡೋ ಚಿಪ್ಪಿನ ರಾಶಿಯೋ ಕಂಡರೆ ಮಾತ್ರ ಕೀಳಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಜಾಗ ಗುರುತು ಮಾಡಿ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದೆ, ಅಲ್ಲಿಯ ಅಧ್ಯಾಪಕರಿಗೆ ಫೋಟೋ ತೋರಿಸಿ ಕೇಳಿ.